ಎಂಟು ದಿನ ಬಿಟ್ಟು ಬನ್ನಿ

ಬಟ್ಟೆ ಒಣಗಿಸಲು ಮಾಳಿಗೆಗೆ ಹೋದವಳು ಇಳಿಯುವಾಗ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡೆ. ಆರು ವಾರ ಕೈ ಅಲ್ಲಾಡಿಸುವ ಹಾಗಿಲ್ಲ ಎಂದು ಡಾಕ್ಟರು ಮೊಣಕೈವರೆಗೆ ಬಿಳಿ ಪ್ಲಾಸ್ಟರ್ ಹಾಕಿ ಕಳಿಸಿದರು. ಅಡುಗೆಮನೆಯನ್ನು ಹೇಗೋ ಎಡಗೈಯಲ್ಲಿ ನಿಭಾಯಿಸಬಹುದು. ಹೊಲಿಗೆ ಅಂಗಡಿಯನ್ನು ಎಡಗೈಯಲ್ಲಿ ನಡೆಸಲಾಗದು.

ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಬೀದಿಯ ಕಡೆ ಒಂದು ದೊಡ್ಡ ಕಿಟಕಿ, ಕಿಟಕಿಯ ಒಳಗೆ ಉದ್ದಕ್ಕೆ ಒಂದು ಕಬ್ಬಿಣದ ಸರಳು. ಹೊಲಿದಾದ ಬಟ್ಟೆಗಳೆಲ್ಲ ಆ ಸರಳಿನಲ್ಲಿ ಚೀಟಿ ಚುಚ್ಚಿಸಿಕೊಂಡು ನೇತಾಡುತ್ತವೆ. ಕೋಣೆಯ ನಡುವೆ ಪರದೆ, ಪರದೆಯ ಹಿಂದೆ ಯಂತ್ರ. ಹೊಸದಾಗಿ ಹೊಲಿಯುವುದು ಕಡಿಮೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಾಯಿಸುವುದು, ದಪ್ಪಗಾದವರಿಗೆ ಸೊಂಟ ಬಿಚ್ಚಿ ಕೊಡುವುದು, ಸಣ್ಣಗಾದವರಿಗೆ ಒಳಗೆ ಹಿಡಿಯುವುದು. ಸಣ್ಣಗಾದವರು ಬಹಳ ಅಪರೂಪ.

ಇಪ್ಪತ್ತೆರಡು ವರ್ಷ ನಾನು ನಡೆಸಿದ ಈ ಅಂಗಡಿಯನ್ನು ಮಗಳ ಕೈಗೆ ಕೊಟ್ಟೆ. ಅವಳಿಗೆ ಹತ್ತೊಂಬತ್ತು. ಕಡ್ಡಿಯ ಹಾಗಿದ್ದಾಳೆ, ಮಾತು ಚುಚ್ಚುತ್ತದೆ. ಅದಕ್ಕೇ ಅವರಪ್ಪ ಚಿಕ್ಕಂದಿನಲ್ಲೇ ಗುಂಡುಸೂಜಿ ಎಂದು ಕರೆದರು, ಬೀದಿಯವರೆಲ್ಲ ಅದನ್ನೇ ಹಿಡಿದರು. ಒಂದು ವರ್ಷ ಹೊಲಿಗೆ ಶಾಲೆಗೆ ಹೋಗಿ ಬಂದಿದ್ದಳು. ಕೈ ನನಗಿಂತ ಚುರುಕು, ನೇರವಾದ ಹೊಲಿಗೆಯಲ್ಲಿ ನನಗಿಂತ ಒಂದು ಕೈ ಮೇಲು.

ನಾನು ಬಿದ್ದ ವಾರವೇ ನನ್ನ ನಾದಿನಿ, ಯಜಮಾನರ ಅಕ್ಕ, ನೋಡಲು ಬಂದಳು. ಅವಳು ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ನನ್ನ ಕೈ ನೋಡಿ ಮುಗಿಸಿದ ಮೇಲೆ ಗುಂಡುಸೂಜಿಯ ಕಡೆ ತಿರುಗಿದಳು.

"ನಮ್ಮಲ್ಲಿ ಯಂತ್ರಗಳ ಹೊಸ ಸಾಲು ಹಾಕ್ತಾ ಇದಾರೆ ಕಣೇ. ಕಾಲರ್ ಹೊಲಿಯೋಕೆ ಎಂಟು ಜನ ಬೇಕು. ನಿನ್ನ ಹೆಸರು ಬರೆಸಿದೀನಿ. ಬರ್ತೀಯೋ ಇಲ್ವೋ ಅಂತ ಐದು ವಾರದೊಳಗೆ ಹೇಳ್ಬೇಕು."

"ಅಂಗಡಿ ಯಾರು ನೋಡ್ಕೋತಾರೆ ಅತ್ತೆ?"

"ನಿಮ್ಮಮ್ಮನ ಕೈ ಸರಿಹೋಗಲ್ವಾ? ಅಲ್ಲಿವರೆಗೆ ನೋಡ್ಕೋ. ನಡೆಸ್ತೀನಿ ಅನ್ನಿಸಿದ್ರೆ ಇಲ್ಲೇ ಇರು, ಇಲ್ಲಾಂದ್ರೆ ನನ್ನ ಜೊತೆ ಬಾ. ತಿಂಗಳಾದ್ರೆ ಸಂಬಳ ಎಣಿಸ್ಕೊಂಡು ಬರ್ಬಹುದು. ಇಲ್ಲಿ ಏನಿದೆ, ಕೂತು ನೊಣ ಹೊಡೀಬೇಕು."

ಮಗಳು ನನ್ನ ಮುಖ ನೋಡಿದಳು. ನಾನು ಎಡಗೈಯಲ್ಲಿ ಲೋಟ ತೊಳೆಯುವ ಕಡೆ ಗಮನ ಕೊಟ್ಟೆ. ಅವಳು ಅಂಗಡಿಯಲ್ಲೇ ಇರಲಿ ಎಂಬ ಆಸೆ ನನಗೆ ಹೊಟ್ಟೆಯೊಳಗಿಂದ ಬರುತ್ತಿತ್ತು. ಅದನ್ನು ಬಾಯಿಗೆ ತರಬಾರದು ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿಕೊಂಡೆ.

ಮೊದಲ ದಿನವೇ ಗುಂಡುಸೂಜಿ ಸರಳಿನ ಬಟ್ಟೆಗಳನ್ನೆಲ್ಲ ಇಳಿಸಿ ಒಂದೊಂದಾಗಿ ನೋಡಿದಳು.

"ಅಮ್ಮಾ, ಇದೆಲ್ಲ ಆಗೋಗಿದೆಯಲ್ಲ! ಯಾಕೆ ಇನ್ನೂ ಇಲ್ಲೇ ಇದೆ?"

"ಅವರು ಬರೋ ದಿನ ಇನ್ನೂ ಆಗಿಲ್ಲ."

"ಆಗಿದೆ ಅಂತ ಫೋನ್ ಮಾಡಿದ್ರೆ ಇವತ್ತೇ ಬರ್ತಾರೆ. ದುಡ್ಡೂ ಇವತ್ತೇ ಬರುತ್ತೆ."

ಫೋನ್ ಮಾಡಿದಳು. ಬಂದರು, ಕೊಟ್ಟರು, ತೆಗೆದುಕೊಂಡು ಹೋದರು. ಸಂಜೆಗೆ ಸರಳು ಖಾಲಿ. ಕಿಟಕಿಯಿಂದ ಬೆಳಕು ಚೆನ್ನಾಗಿ ಬರುತ್ತಿದೆ ಎಂದು ಅವಳಿಗೆ ಸಂತೋಷ. ನನಗೆ ಯಾಕೋ ಬೀದಿಯಲ್ಲಿ ಸೆರಗಿಲ್ಲದೆ ನಿಂತ ಹಾಗಾಯಿತು.

ಎರಡನೇ ದಿನ ಒಬ್ಬಾತ ಎರಡು ಪ್ಯಾಂಟು ತಂದ. ಕಾಲು ಗಿಡ್ಡ ಮಾಡಬೇಕು. ಎಂದು ಬರಲಿ ಎಂದು ಕೇಳಿದ.

"ಕೂತ್ಕೊಳ್ಳಿ, ಹತ್ತು ನಿಮಿಷ," ಎಂದಳು.

ಆತ ಖುಷಿಯಾಗಿ ಬೆಂಚಿನ ಮೇಲೆ ಕೂತ. ಪರದೆಯ ಹಿಂದೆ ಯಂತ್ರ ಗರಗರ ಎಂದಿತು. ಹನ್ನೆರಡು ನಿಮಿಷಕ್ಕೆ ಇಸ್ತ್ರಿ ಸಮೇತ ಎರಡೂ ಪ್ಯಾಂಟು ಹೊರಗೆ ಬಂದವು. ನಾನು ತೆಗೆದುಕೊಳ್ಳುತ್ತಿದ್ದಷ್ಟೇ ಕೂಲಿ ಹೇಳಿದಳು. ಆತನ ಮುಖದ ಖುಷಿ ಇಳಿಯಿತು.

"ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?"

"ಅಮ್ಮನೂ ಇಷ್ಟೇ ತಗೊಳ್ಳೋದು."

"ಅವರು ಎಂಟು ದಿನ ತಗೊಳ್ತಿದ್ರಮ್ಮಾ!"

ಅವಳು ಕಾಲುಭಾಗ ಬಿಟ್ಟಳು. ಒಳಗೆ ಬಂದು, "ನನಗೂ ಒಂಥರಾ ಅನ್ನಿಸ್ತಮ್ಮ, ಹತ್ತು ನಿಮಿಷಕ್ಕೆ ಅಷ್ಟು ತಗೊಳ್ಳೋದು," ಎಂದಳು. ನಾನೂ ಹೌದೇನೋ ಅಂದುಕೊಂಡೆ. ಆ ಹತ್ತು ನಿಮಿಷ ಕಲಿಯಲು ಅವಳಿಗೆ ಒಂದು ವರ್ಷ ಹಿಡಿದಿತ್ತು ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಅದೇ ದಾರಿಯಾಯಿತು. ಬೇಗ ಮಾಡಿ ಕೊಟ್ಟಷ್ಟೂ ಚೌಕಾಸಿ ಹೆಚ್ಚಿತು. ಜಿಪ್ಪಿನ ಕೂಲಿ ಮುಕ್ಕಾಲಿಗೆ ಇಳಿಯಿತು, ಗುಂಡಿ ಹಚ್ಚುವುದು ಪುಕ್ಕಟೆಯಾಯಿತು. ಎರಡನೇ ವಾರ ದಾಟುವ ಹೊತ್ತಿಗೆ ಇನ್ನೊಂದು ಶುರುವಾಯಿತು. ಕೈಯಲ್ಲಿ ಬಟ್ಟೆಯ ಚೀಲ ಹಿಡಿದವರು ಕಿಟಕಿಯ ಹತ್ತಿರ ಬಂದು, ಒಳಗೆ ಒಮ್ಮೆ ಇಣುಕಿ, ಮುಂದೆ ಹೋಗುತ್ತಿದ್ದರು. ಎದುರು ಸಾಲಿನ ಔಷಧಿ ಅಂಗಡಿಯವರು ನನ್ನ ಗುಳಿಗೆ ಕೊಡಲು ಬಂದಾಗ ಖಾಲಿ ಸರಳು ನೋಡಿದರು.

"ಏನಕ್ಕಾ, ಅಂಗಡಿ ಮುಚ್ತಿದೀರಂತೆ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನೋಡಿದ್ರೆ ಹಾಗೆ ಕಾಣ್ತಿದೆ."

ಮೂರನೇ ವಾರ ಟೀಚರ್ ಬಂದರು. ಕನ್ನಡಕದ ಮೇಲಿಂದ ನೋಡುವವರು, ಹದಿನೈದು ವರ್ಷದ ಗಿರಾಕಿ. ಅವರ ಕರಿ ಕೋಟಿನ ಒಳಪದರ ಹರಿದಿತ್ತು. ಗುಂಡುಸೂಜಿ ಅದಕ್ಕೆ ಪೂರ್ತಿ ಮೂರು ಗಂಟೆ ಕೂತಳು. ಹಳೆಯ ಪದರ ಬಿಚ್ಚಿ, ಅದನ್ನೇ ಅಳತೆಗಿಟ್ಟು ಹೊಸದು ಕತ್ತರಿಸಿ, ತೋಳಿನ ಸುತ್ತ ಕೈಹೊಲಿಗೆ ಹಾಕಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ನಾನು ಮಾಡಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಇದು ಹೆತ್ತ ಮಮತೆಯ ಮಾತಲ್ಲ.

ಬೆಳಿಗ್ಗೆ ಕೊಟ್ಟದ್ದು ಮಧ್ಯಾಹ್ನವೇ ಸಿಕ್ಕಿದ್ದಕ್ಕೆ ಟೀಚರ್‌ಗೆ ಅನುಮಾನ ಬಂತು. ಕೋಟನ್ನು ಒಳಹೊರಗು ಮಾಡಿ, ಬೆಳಕಿಗೆ ಹಿಡಿದು, ಉತ್ತರಪತ್ರಿಕೆ ತಿದ್ದುವ ಹಾಗೆ ಬೆರಳಿಟ್ಟುಕೊಂಡು ಹೋದರು.

"ಇಲ್ಲಿ ನೋಡಮ್ಮ, ಹೊಲಿಗೆ ಓಡಿಹೋಗಿದೆ. ಆತುರದಲ್ಲಿ ಮಾಡಿದ್ರೆ ಹೀಗೇ. ನಿಮ್ಮಮ್ಮನ ಕೈ ಬೇರೆ, ಇಲ್ಲಿ ನೋಡು, ತೋಳಿನ ಅಂಚು. ಮೂರು ವರ್ಷದ ಹಿಂದೆ ಮಾಡಿದ್ದು, ಹೇಗಿದೆ!"

ಅವರು ತೋರಿಸಿದ ತಪ್ಪು ಬಟ್ಟೆಯ ನೇಯ್ಗೆಯ ಗೆರೆ. ಅವರು ಮೆಚ್ಚಿದ ತೋಳಿನ ಅಂಚು ನಾನು ಮಾಡಿದ್ದೇ, ಒಂದು ಕಡೆ ನೂಲಿನಷ್ಟು ಸೊಟ್ಟಗಿತ್ತು. ನಾನು ಬಾಯಿಬಿಟ್ಟು, "ಅಲ್ಲ ಟೀಚರೇ, ಇವಳ ಕೆಲಸವೇ..." ಎನ್ನುವಷ್ಟರಲ್ಲಿ ಅವರು, "ನೀವು ಮಗಳನ್ನ ಬಿಟ್ಟುಕೊಡಲ್ಲ ಬಿಡಿ," ಎಂದು ನಕ್ಕು, ಅರ್ಧ ಕೂಲಿ ಮೇಜಿನ ಮೇಲಿಟ್ಟು ಹೋದರು.

ಗುಂಡುಸೂಜಿ ಅಳಲಿಲ್ಲ. ಕತ್ತರಿ, ಟೇಪು, ಸೀಮೆಸುಣ್ಣ ಎಲ್ಲ ಎತ್ತಿಟ್ಟಳು. ತನ್ನ ಎರಡೂ ಕೈ ಮುಂದೆ ಚಾಚಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು.

"ಅತ್ತೆಗೆ ಬರ್ತೀನಿ ಅಂತ ಹೇಳಿಬಿಡ್ತೀನಮ್ಮ. ನನ್ನ ಕೈಗುಣವೇ ಸರಿಯಿಲ್ಲ."

ಅಂಗಡಿ ಬೇಡ ಎಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೈಗುಣ ಸರಿಯಿಲ್ಲ ಎಂದಳಲ್ಲ, ಅದನ್ನು ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ.

"ನಿನ್ನ ಕೈ ಚೆನ್ನಾಗೇ ಇದೆ."

"ಹಾಗಾದ್ರೆ ನಿಜ ಹೇಳು. ಒಂದು ಪ್ಯಾಂಟಿನ ಕಾಲಿಗೆ ನಿನಗೆ ಎಂಟು ದಿನ ಬೇಕಾಗಿತ್ತಾ?"

"ಇಲ್ಲ. ಕಾಲು ಗಂಟೆ."

"ಮತ್ತೆ?"

ಒಲೆಯ ಮೇಲೆ ಅನ್ನಕ್ಕಿಟ್ಟಿದ್ದೆ. ಉರಿ ಸಣ್ಣ ಮಾಡಿ ಬಂದು ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಯಜಮಾನರನ್ನು ಬಿಟ್ಟು ಬೇರೆ ಯಾರಿಗೂ ಹೇಳದ ವಿಷಯ. ಹೇಳಲು ಕೂತಾಗ ಇಷ್ಟೇನಾ ಅನ್ನಿಸಿತು.

ಅಂಗಡಿ ತೆರೆದ ಹೊಸತು. ಹತ್ತು ದಿನ ಒಬ್ಬರೂ ಬರಲಿಲ್ಲ. ಹನ್ನೊಂದನೇ ದಿನ ಒಬ್ಬ ಹೆಂಗಸು ಲಂಗದ ಸೊಂಟ ಬಿಚ್ಚಿಸಲು ಬಂದರು. ಯಾವಾಗ ಸಿಗುತ್ತೆ ಎಂದು ಕೇಳಿದರು. ಈಗಲೇ ಮಾಡಿ ಕೊಡುತ್ತೇನೆ ಎಂದರೆ ಬೇರೆ ಕೆಲಸವೇ ಇಲ್ಲ ಎಂದು ಗೊತ್ತಾಗುತ್ತದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಎಂಟು ದಿನ ಬಿಟ್ಟು ಬನ್ನಿ ಎಂದೆ. ಆಕೆಗೆ ಬೇಸರವಾಗಲಿಲ್ಲ. ಮೊದಲಿಗಿಂತ ಮರ್ಯಾದೆಯಿಂದ, "ಪರವಾಗಿಲ್ಲಮ್ಮ, ಕೆಲಸ ಜಾಸ್ತಿ ಇರುತ್ತೆ ಪಾಪ," ಎಂದರು. ಅವರು ಬೀದಿ ತಿರುಗುವ ಮೊದಲೇ ಲಂಗ ಮುಗಿದಿತ್ತು. ಸರಳಿಗೆ ಹಾಕಿದೆ. ಒಂದೇ ಒಂದು ಲಂಗ ಒಂಟಿಯಾಗಿ ನೇತಾಡುತ್ತಿದ್ದದ್ದು ಕಣ್ಣಿಗೆ ಚುಚ್ಚಿತು. ಬೀರು ತೆರೆದು ನನ್ನ ಎರಡು ಲಂಗ, ಯಜಮಾನರ ಮೂರು ಪ್ಯಾಂಟು, ಒಂದು ಕೋಟು ತಂದು, ಚೀಟಿ ಬರೆದು ಚುಚ್ಚಿ ಸಾಲಾಗಿ ತೂಗುಹಾಕಿದೆ.

"ಅಪ್ಪನ ಪ್ಯಾಂಟಾ?"

"ನಿಮ್ಮಪ್ಪ ಬೆಳಿಗ್ಗೆ ಬಸ್ಸು ಬಿಡೋಕೆ ಹೊರಟವರು ಮನೆಯೆಲ್ಲ ಹುಡುಕಿದ್ರು. ಕೊನೆಗೆ ಬೀದಿಗೆ ಹೋಗಿ ಕಿಟಕಿಯಲ್ಲಿ ನೋಡಿ, 'ಇದು ನಂದೇ ಅಲ್ವೇನೇ? ಇದರ ಮೇಲೆ ಇಂಜಿನಿಯರ್ ಅಂತ ಯಾಕೆ ಬರೆದಿದೀಯ?' ಅಂದ್ರು."

ಅವಳು ನಗಲಿಲ್ಲ. ನಗುತ್ತಾಳೆ ಅಂದುಕೊಂಡಿದ್ದೆ.

"ಆಮೇಲೆ?"

"ಆಮೇಲೆ ಜನ ಬಂದ್ರು. ನಾಲ್ಕು ಬಟ್ಟೆ ನೇತಾಡೋ ಕಡೆ ಐದನೇದು ಬರುತ್ತೆ. ವರ್ಷದಲ್ಲಿ ನಿಜವಾಗ್ಲೂ ಕೆಲಸ ಜಾಸ್ತಿ ಆಯ್ತು. ಆದ್ರೂ ಎಂಟು ದಿನ ಅನ್ನೋದು ನಿಲ್ಲಲಿಲ್ಲ. ಅಭ್ಯಾಸ ಆಗೋಗಿತ್ತು."

"ಇದೆಲ್ಲ ಗೊತ್ತಿದ್ದೂ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

ಮಗಳ ಮುಂದೆ ನನ್ನ ಆ ಹಳೆಯ ನಾಚಿಕೆ ಬಿಚ್ಚಿಡಲು ನಾಚಿಕೆಯಾಗಿತ್ತು. ಅಷ್ಟೇ. ಅದಕ್ಕೆ ಅವಳು ಮೂರು ವಾರ ತನ್ನ ಕೈಯನ್ನೇ ಬೈದುಕೊಂಡಳು.

"ತಪ್ಪಾಯ್ತು ಮಗಳೇ," ಎಂದೆ.

ಅವಳು ಎದ್ದು ಪರದೆಯ ಹಿಂದೆ ಹೋಗಿ ಕೂತಳು. ಊಟಕ್ಕೆ ಕೂತಾಗ ನನ್ನ ತಟ್ಟೆಯ ಅನ್ನವನ್ನು ಮಾತ್ರ ಎಂದಿನಂತೆ ಕಲಸಿ ಕೊಟ್ಟಳು. ಮರುದಿನ ಬೆಳಿಗ್ಗೆ ಪಾತ್ರೆ ಒರೆಸುತ್ತಾ ಹೇಳಿದಳು.

"ನಾನು ಎಂಟು ದಿನ ಅನ್ನಲ್ಲ ಅಮ್ಮ. ಆಗಿರೋದನ್ನ ಆಗಿಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ."

"ಬೇಡ ಬಿಡು."

"ಆದ್ರೆ ಹತ್ತು ನಿಮಿಷ ಅಂತಾನೂ ಅನ್ನಲ್ಲ. ಅವರೇ ನೋಡಲಿ. ಯಂತ್ರ ಕಿಟಕಿ ಹತ್ರ ತರ್ತೀನಿ."

"ಎಲ್ಲರ ಕಣ್ಣೆದುರಿಗಾ? ಬಾಯಿತುಂಬ ಸೂಜಿ ಕಚ್ಕೊಂಡು?"

"ಬಾಯಲ್ಲಿ ಕಚ್ಕೊಳ್ಳೋದು ನೀನು. ನನ್ನ ಹತ್ರ ಸೂಜಿದಿಂಬು ಇದೆ."

ಯಂತ್ರ ಭಾರ. ಯಜಮಾನರು ಒಂದು ಕಡೆ, ಔಷಧಿ ಅಂಗಡಿಯವರು ಒಂದು ಕಡೆ ಹಿಡಿದು ಸರಿಸಿದರು. ಪರದೆ ತೆಗೆಯಲು ನಾನು ಒಪ್ಪಲಿಲ್ಲ, ಅದು ಹಾಗೇ ಉಳಿಯಿತು. ಬೆಂಚನ್ನು ಯಂತ್ರದ ಎದುರಿಗೆ ತಿರುಗಿಸಿದೆವು.

ಆ ದಿನ ಮೊದಲು ಬಂದವನು ಒಬ್ಬ ಕಾವಲುಗಾರ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಸಮವಸ್ತ್ರದ ಪ್ಯಾಂಟಿನ ಜಿಪ್ಪು ಕಿತ್ತುಹೋಗಿ, ಸೊಂಟಕ್ಕೆ ಸ್ವೆಟರ್ ಕಟ್ಟಿಕೊಂಡು ಅಡ್ಡಡ್ಡ ನಡೆಯುತ್ತಾ ಬಂದ. ಪರದೆಯ ಹಿಂದೆ ಹೋಗಿ ಯಜಮಾನರ ಪೈಜಾಮ ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂತ. ಅವನಿಗೆ ಬೇರೆ ನೋಡಲು ಏನೂ ಇರಲಿಲ್ಲ, ಅವಳ ಕೈಯನ್ನೇ ನೋಡಿದ. ಅವಳು ಹಳೆಯ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಕತ್ತರಿಸಿ ಬಿಚ್ಚತೊಡಗಿದಳು. ಸೊಂಟಪಟ್ಟಿ ಬಿಚ್ಚಿದಳು, ಮುಂದಿನ ಪಟ್ಟಿ ಬಿಚ್ಚಿದಳು, ನೂಲಿನ ಚೂರುಗಳನ್ನು ಹೆಕ್ಕಿದಳು, ಹೊಸ ಜಿಪ್ಪಿಗೆ ಕಚ್ಚಾ ಹೊಲಿಗೆ ಹಾಕಿದಳು, ಎಳೆದು ನೋಡಿದಳು, ಸರಿಯಿಲ್ಲವೆಂದು ಮತ್ತೆ ಬಿಚ್ಚಿದಳು.

"ಒಂದು ಜಿಪ್ಪಿಗೆ ಇಷ್ಟೊಂದು ಬಿಚ್ಬೇಕಾ?" ಎಂದ ಕಾವಲುಗಾರ.

"ಇಲ್ಲಾಂದ್ರೆ ಮುಂದಿನ ವಾರ ಮತ್ತೆ ಸ್ವೆಟರ್ ಕಟ್ಕೊಂಡು ಬರ್ಬೇಕಾಗುತ್ತೆ ಅಣ್ಣ."

ಅವನು ನಕ್ಕ. ಅವಳು ಹಳೆಯ ಪೂರ್ತಿ ಕೂಲಿ ಕೇಳಿದಳು. ತುಟಿಪಿಟಕ್ಕೆನ್ನದೆ ಕೊಟ್ಟ. ಅವನ ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಟೀಚರ್ ಕೋಟಿಗೆ ಮೂರು ಗಂಟೆ, ಸಿಕ್ಕಿದ್ದು ಅರ್ಧ ಕೂಲಿ. ನಾನು ಇದನ್ನು ಪಾತ್ರೆ ತೊಳೆಯುವಾಗ ಬಹಳ ಹೊತ್ತು ಯೋಚಿಸಿದೆ.

ಎಲ್ಲವೂ ಹೂವು ಎತ್ತಿದ ಹಾಗೆ ಆಯಿತೆಂದಲ್ಲ. ನೋಡುವವರಿದ್ದರೆ ಅವಳ ಕೈ ನಿಧಾನ. ಮೊದಲ ವಾರ ಎರಡು ಸಲ ಬೆರಳಿಗೇ ಸೂಜಿ ಹೊಡೆದುಕೊಂಡಳು. ಬೆಂಚಿನ ಮೇಲೆ ಕೂತವರಿಗೆ ಸುಮ್ಮನಿರಲು ಬರುವುದಿಲ್ಲ. ಜೀವನದಲ್ಲಿ ಗುಂಡಿ ಹಚ್ಚದವರೂ, "ಸ್ವಲ್ಪ ಎಡಕ್ಕೆ, ಎಡಕ್ಕೆ," ಎಂದು ಲಾರಿ ಹಿಂದಕ್ಕೆ ಬಿಡಿಸುವವರ ಹಾಗೆ ಹೇಳುತ್ತಿದ್ದರು. ಅವಳು ಒಮ್ಮೆ ಯಂತ್ರ ನಿಲ್ಲಿಸಿ, "ಬನ್ನಿ ಅಂಕಲ್, ನೀವೇ ಕೂತ್ಕೊಳ್ಳಿ, ಕೂಲಿ ನಾನು ಕೊಡ್ತೀನಿ," ಎಂದಳು. ಆತ ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದ. ಇಬ್ಬರು ಕೂತಿದ್ದನ್ನು ಕಂಡು ಮೂರನೆಯವರು ನಿಂತು ನೋಡುತ್ತಿದ್ದರು. ಕೆಲವರು ಹೊಲಿಸಲು ಏನೂ ಇಲ್ಲದಿದ್ದರೂ ಮನೆಗೆ ಹೋಗಿ ಏನಾದರೂ ಹುಡುಕಿ ತರುತ್ತಿದ್ದರು.

ಇನ್ನು ಕೆಲವರಿಗೆ ಇದು ಹಿಡಿಸಲೇ ಇಲ್ಲ. ಔಷಧಿ ಅಂಗಡಿಯವರು ಬಿಳಿ ಕೋಟಿನ ಜೇಬು ಹೊಲಿಸಲು ತಂದಾಗ ಅವಳು ಕೂರಲು ಹೇಳಿದಳು.

"ಬೇಡಮ್ಮ. ನಿಧಾನಕ್ಕೆ ಎಂಟು ದಿನ ತಗೊಂಡು ಚೆನ್ನಾಗಿ ಮಾಡು."

"ಈಗ ಮಾಡಿದ್ರೂ ಅದೇ ಕೈ, ಅದೇ ದಾರ."

"ಇರಬಹುದು. ನನಗೆ ಮನಸ್ಸಿಗೆ ಸಮಾಧಾನ."

ಅವಳು ನನ್ನ ಕಡೆ ತಿರುಗಿ ಕಣ್ಣರಳಿಸಿದಳು. ಔಷಧಿ ಮಾರುವವರೇ ಹೀಗಂದರೆ ಯಾರಿಗೆ ಏನು ಹೇಳುವುದು? ಕೋಟನ್ನು ಪರದೆಯ ಹಿಂದಿಟ್ಟೆವು. ಟೀಚರ್ ಮಾತ್ರ ಮತ್ತೆ ಬರಲೇ ಇಲ್ಲ. ಕೆಳಗಿನ ಬೀದಿಯ ದರ್ಜಿಯ ಹತ್ತಿರ ಹೋಗುತ್ತಾರೆ ಎಂದು ಕೇಳಿದೆ. ಆತ ಹದಿನೈದು ದಿನ ಹೇಳುತ್ತಾನಂತೆ.

ಐದನೇ ವಾರದ ಕೊನೆಯ ದಿನ ನಾದಿನಿ ಬಂದಳು. ರಜೆ ಹಾಕಿ ಬಂದಿದ್ದಳು, ಮುಖದಲ್ಲಿ ಅವಸರ. ಬೆಂಚಿನ ಮೇಲೆ ಮೂವರಿದ್ದರು. ಗುಂಡುಸೂಜಿ ಒಬ್ಬ ಅಜ್ಜಿಯ ಚಳಿಗಾಲದ ಕೋಟನ್ನು ಮೊಮ್ಮಗಳ ಅಳತೆಗೆ ಇಳಿಸುತ್ತಿದ್ದಳು. ಭುಜ ಬಿಚ್ಚಿ ಮತ್ತೆ ಕೂರಿಸುವ ಕೆಲಸ, ನಡುವೆ ಬಿಡುವ ಹಾಗಿರಲಿಲ್ಲ. ನಾದಿನಿ ನಾಲ್ಕನೆಯವಳಾಗಿ ಬೆಂಚಿನ ತುದಿಯಲ್ಲಿ ಕೂತಳು. ಮೊದಲು ಗಡಿಯಾರ ನೋಡಿದಳು. ಆಮೇಲೆ ಮೇಲ್ವಿಚಾರಕಿಯ ಕಣ್ಣಲ್ಲಿ ಸೋದರಸೊಸೆಯ ಕೈ ನೋಡಿದಳು. ಅಜ್ಜಿ ಮಾತ್ರ ಬಿಡದೆ, "ಆ ಜೇಬು ಹಾಗೇ ಇರಲಿ ಮಗಾ, ಅದರಲ್ಲಿ ನಮ್ಮನೆಯವರು ಕೈ ಇಟ್ಕೊಳ್ತಿದ್ರು," ಎನ್ನುತ್ತಿದ್ದರು. ಜೇಬು ಇಟ್ಟರೆ ಅಳತೆ ಕೆಡುತ್ತಿತ್ತು. ಗುಂಡುಸೂಜಿ ಸ್ವಲ್ಪ ಹೊತ್ತು ಬಟ್ಟೆಯನ್ನು ಆಚೆ ಈಚೆ ತಿರುಗಿಸಿ, ಜೇಬನ್ನು ಇಡಿಯಾಗಿ ಎತ್ತಿ ಎರಡು ಬೆರಳು ಮೇಲಕ್ಕೆ ಕೂರಿಸಿದಳು.

ಎಲ್ಲರೂ ಹೋದ ಮೇಲೆ ನಾದಿನಿ ಕೇಳಿದಳು.

"ಸರಿ, ಏನು ಹೇಳ್ಲಿ ಅಲ್ಲಿ?"

"ಬರಲ್ಲ ಅಂತ ಹೇಳಿ ಅತ್ತೆ."

"ಲೆಕ್ಕ ಹಾಕಿದೀಯಾ? ಇಲ್ಲಿ ಬರೋದು ಅಲ್ಲಿಗಿಂತ ಜಾಸ್ತಿನಾ?"

"ಹಾಕಿದೀನಿ. ಅಲ್ಲೇ ಜಾಸ್ತಿ."

"ಎಷ್ಟು?"

"ಮೂರರಲ್ಲಿ ಒಂದು ಪಾಲು ಜಾಸ್ತಿ."

"ಮತ್ತೆ ತಲೆ ಕೆಟ್ಟಿದೆಯೇನೇ ನಿನಗೆ?"

"ಅಲ್ಲಿ ದಿನಕ್ಕೆ ನಾನೂರು ಕಾಲರ್. ಯಾರ ಕತ್ತಿಗೆ ಅಂತಾನೇ ಗೊತ್ತಾಗಲ್ಲ." ದಾರದ ಚೂರುಗಳನ್ನು ಗುಡಿಸುತ್ತಾ, "ಎರಡು ವಾರದ ಹಿಂದೆ ಕೇಳಿದ್ರೆ ಬರ್ತಿದ್ದೆ ಅತ್ತೆ. ಆಗ ಬಂದಿದ್ರೆ ಹೆದರಿ ಬಂದ ಹಾಗಿರ್ತಿತ್ತು," ಎಂದಳು.

ನಾದಿನಿ ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳು ಇವಳಿಗೆ. ನೀನೇನಾದ್ರೂ ತಲೆ ತುಂಬಿದ್ಯಾ?"

"ಇಲ್ಲಕ್ಕ. ನಾನು ಒಂದು ಮಾತೂ ಆಡಿಲ್ಲ."

"ಅದು ನಿಜ," ಎಂದಳು ಗುಂಡುಸೂಜಿ. "ಐದು ವಾರ ತುಟಿ ಹೊಲ್ಕೊಂಡಿದ್ಲು. ಯಾಕಮ್ಮ? ನನಗೆ ಕೋಪ ಬರ್ತಿತ್ತು ಗೊತ್ತಾ?"

"ಇರು ಅಂದಿದ್ರೆ ನೀನು ನನಗೋಸ್ಕರ ಇರ್ತಿದ್ದೆ. ಆಮೇಲೆ ಗಿರಾಕಿ ಬರದ ದಿನ ಎಲ್ಲ ನನ್ನ ಮುಖ ನೋಡ್ತಿದ್ದೆ," ಎಂದೆ.

ನಾದಿನಿ ಉಸಿರು ಬಿಟ್ಟಳು. ಅವಳಿಗೆ ಬೇಸರವಾಗಿತ್ತು, ಅಲ್ಲಿ ಮಾತು ಕೊಟ್ಟು ಹೆಸರು ಬರೆಸಿದ್ದಳಲ್ಲ. ಆ ಬೇಸರದಲ್ಲೂ ಕಾರ್ಖಾನೆಗೆ ಫೋನ್ ಮಾಡಿ, ನಮ್ಮ ಹುಡುಗಿ ಬರುವುದಿಲ್ಲ, ಪಟ್ಟಿಯಲ್ಲಿ ಮುಂದಿನವಳನ್ನು ಕರೆಯಿರಿ ಎಂದು ನಮ್ಮೆದುರಿಗೇ ಹೇಳಿದಳು. ಫೋನ್ ಇಟ್ಟ ಮೇಲೆ ಆ ಜಾಗ ಇನ್ನೊಬ್ಬಳದು. ಗುಂಡುಸೂಜಿಯ ಮುಖ ಒಂದು ಗಳಿಗೆ ಬಿಳಿಚಿತು. ನನ್ನದೂ ಬಿಳಿಚಿರಬೇಕು.

"ಊಟ ಮಾಡ್ಕೊಂಡು ಹೋಗಕ್ಕ," ಎಂದೆ.

"ಮಾಡ್ದೆ ಹೋಗ್ತೀನಾ? ಒಂದು ದಿನದ ಸಂಬಳ ಕಳ್ಕೊಂಡು ಬಂದಿದೀನಿ," ಎಂದು ಅವಳು ಅಡುಗೆಮನೆಗೆ ನಡೆದಳು. ನಾನು ತಟ್ಟೆ ತೆಗೆಯಲು ಹಿಂದೆಯೇ ಹೋದೆ. ಹೊರಗೆ ಯಾರೋ ಬಾಗಿಲಲ್ಲಿ ನಿಂತು, ಮೂರು ಕಿಟಕಿ ಪರದೆ ಇದೆ, ಉದ್ದ ಜಾಸ್ತಿಯಾಗಿದೆ, ಎಷ್ಟಾಗುತ್ತದೆ ಎಂದು ಕೇಳಿದರು. ಗುಂಡುಸೂಜಿ ಪರದೆಗಳನ್ನು ಮೇಜಿನ ಮೇಲೆ ಹರಡುವ ಸದ್ದು ಕೇಳಿಸಿತು. ಅಳೆದು ಮುಗಿಯುವವರೆಗೆ ಅವಳು ಕೂಲಿ ಹೇಳಲಿಲ್ಲ. ಹೇಳಿದ ಮೇಲೆ ಇಳಿಸಲಿಲ್ಲ.